ವಿಭೂತಿ ಹಚ್ಚಿದ ಕಾರ್ಡು

ಭವಿಷ್ಯ ಹೇಳುವ ಟ್ಯಾರೋ ಕಾರ್ಡು ಕಲಿಯಲು ದಿನಾ ಬೆಳಿಗ್ಗೆ ಕಟ್ಟು ಕಲಸಿ, ಎಲ್ಲಕ್ಕಿಂತ ಮೇಲಿನ ಕಾರ್ಡು ಎಳೆದು, ಅದರ ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮೂರನೆಯ ವಾರ ಸಿಡಿಲು ಬಡಿದು ಉರುಳುವ ಗೋಪುರದ ಕಾರ್ಡು ಬಂತು. ಗಂಡ ಆಗಷ್ಟೇ ರಾವೂರಿನ ಕಲ್ಲುಗಣಿಯ ಕೆಲಸಕ್ಕೆ ಹೋಗಿದ್ದರು. ಹಠಾತ್ ಬದಲಾವಣೆ ಎಂಬ ಅರ್ಥವೂ ಅದಕ್ಕಿದೆ. ನನಗೆ ಬೀಳುವ ಕಲ್ಲುಗಳಷ್ಟೇ ಕಂಡವು. ಫೋನ್ ಮಾಡಿದರೆ ಸ್ವಿಚ್ ಆಫ್. ಮದ್ದು ಸಿಡಿಸುವ ಹೊತ್ತಿಗೆ ಗಣಿಯಲ್ಲಿ ಎಲ್ಲರೂ ಫೋನ್ ಆರಿಸಿಡುತ್ತಾರೆ. ಅದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದೆ.

ಅತ್ತೆ ನನ್ನ ಮುಖ ನೋಡಿ ಕೇಳಿದರು, ಹೇಳಿದೆ. "ಅಂಥಾದ್ದು ಮನ್ಯಾಗ ಯಾಕ ಇಟ್ಕೊಂಡಿ? ತಾ ಇಲ್ಲಿ," ಎಂದು ಕಾರ್ಡು ಕಸಿದುಕೊಂಡು, ಅದರ ಬೆನ್ನಿಗೆ ಒದ್ದೆ ವಿಭೂತಿಯ ಮೂರು ಗೆರೆ ಎಳೆದರು. "ಈಗ ಏನೂ ಆಗಂಗಿಲ್ಲ. ಭಾಳ ವಿಚಾರ ಮಾಡಬ್ಯಾಡ."

ಸಂಜೆ ಗಂಡ ಎಂದಿನಂತೆ ಬಂದರು, ಚಹಾ ಕೇಳಿದರು.

ಆ ಗುರುತು ಎಷ್ಟು ಒರೆಸಿದರೂ ಪೂರ್ತಿ ಹೋಗಲಿಲ್ಲ. ಕಾರ್ಡುಗಳನ್ನು ಮಗುಚಿಟ್ಟರೂ ಗೋಪುರ ಯಾವುದೆಂದು ಈಗ ನನಗೆ ಗೊತ್ತು. ಇವತ್ತು ಕಲಸಿದ ಮೇಲೆ ಅದೇ ಎಲ್ಲಕ್ಕಿಂತ ಮೇಲಿತ್ತು. ಅದನ್ನು ಸರಿಸಿ ಕೆಳಗಿನದನ್ನು ಎತ್ತಿದೆ. ಸೂರ್ಯ, ಒಳ್ಳೆಯ ಕಾರ್ಡು.

ಅದರ ಅರ್ಥ ಬರೆಯುವ ಮೊದಲೇ ಗಂಡನಿಗೆ ಫೋನ್ ಮಾಡಿದೆ.