ದೊನಾತಾ ಚಿಕ್ಕಮ್ಮ ಕಾಯುವ ಚಿತ್ರ
ಇಟಲಿಯ ಲೆಚ್ಚೆ ಊರಿನ ಸಣ್ಣ ವಸ್ತುಸಂಗ್ರಹಾಲಯಕ್ಕೆ ನಾನು ಕೆಲಸಕ್ಕೆ ಸೇರಿದ ದಿನ, ಮೂರನೆಯ ಕೋಣೆಯ ಕಾವಲಿನ ದೊನಾತಾ ಚಿಕ್ಕಮ್ಮ ಕಪ್ಪು ಶಾಲು ಹೊದ್ದು, ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಮೆಲ್ಲಗೆ ಬಾರಪ್ಪ, ಒಳಗೆ ಒಬ್ಬರಿಗೆ ಹುಷಾರಿಲ್ಲ," ಎಂದರು. ಒಳಗಿದ್ದದ್ದು ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಚಿತ್ರ, ಅದೂ ಮುನ್ನೂರೈವತ್ತು ವರ್ಷ ಹಿಂದೆ ಹೆಸರು ಗೊತ್ತಿಲ್ಲದ ಯಾರೋ ಮಾಡಿದ ನಕಲು. ಮೂಲದಲ್ಲಿ ಮುಚ್ಚಿರುವ ಬಾಯಿ ಇದರಲ್ಲಿ ತುಸು ತೆರೆದಿದೆ. ಪಂಡಿತರು ಅದನ್ನು ತಪ್ಪು ಎನ್ನುತ್ತಿದ್ದರು, ಚಿಕ್ಕಮ್ಮ ಒಪ್ಪುತ್ತಿರಲಿಲ್ಲ. ಚಿತ್ರದೆದುರು ಕೆಮ್ಮಿದವರನ್ನು ಗದರುತ್ತಿದ್ದರು, ಬೆಳ್ಳುಳ್ಳಿ ತಿಂದು ಬಂದ ಪ್ರವಾಸಿಗಳನ್ನು ಹಿಂದಕ್ಕೆ ತಳ್ಳುತ್ತಿದ್ದರು, ಸೆಕೆಗಾಲದಲ್ಲಿ ಬೀಸಣಿಗೆಯನ್ನು ತಮಗಿಂತ ಚಿತ್ರದ ಕ್ರಿಸ್ತನಿಗೇ ಹೆಚ್ಚು ಬೀಸುತ್ತಿದ್ದರು. "ಸತ್ತವನಿಗೆ ಗಾಳಿ ಯಾಕೆ ಚಿಕ್ಕಮ್ಮ?" ಎಂದು ಕೆಣಕಿದರೆ, "ಸತ್ತ ಅಂತ ನಿಂಗ್ಯಾರು ಹೇಳಿದ್ದು? ನಿಮ್ಮ ಕಾಲೇಜಿನವರಾ?" ಎನ್ನುತ್ತಿದ್ದರು. ಕಳೆದ ಚಳಿಗಾಲ, ನಕಲಿಗೆ ಗೋಡೆ ಯಾಕೆಂದು ಮೇಲಿನವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ ನೆಲಮಾಳಿಗೆಗೆ ಕಳಿಸಿದರು. "ಮುಖ ಒಂದು ಬಿಟ್ಟುಬಿಡ್ರಪ್ಪ, ಉಸಿರು ಕಟ್ಟುತ್ತೆ," ಎಂದು ಚಿಕ್ಕಮ್ಮ ಆಳುಗಳ ಕೈ ಹಿಡಿದು ಅತ್ತರು. ಯಾರೂ ಕೇಳಲಿಲ್ಲ. ಮರುದಿನ ನಾನು ಕೆಳಗಿಳಿದು ನೋಡಿದಾಗ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ, ಬಾಯಿ ಇರುವ ಕಡೆ ಮಾತ್ರ, ಅಂಗೈಯಗಲ ಹಬೆ ಕಟ್ಟಿತ್ತು. ಒರೆಸಲು ನೋಡಿದೆ, ಅದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿತು. ನಾನೇ ಕತ್ತರಿ ತಂದು ಅಲ್ಲೊಂದು ತೂತು ಮಾಡಿದೆ. ಚಿಕ್ಕಮ್ಮ ಈಗ ನಿವೃತ್ತರು. ದಿನಾ ಬೆಳಿಗ್ಗೆ ನೆಲಮಾಳಿಗೆಗೆ ಬಂದು ಚಿತ್ರದ ಪಕ್ಕ ಕೂತಿರುತ್ತಾರೆ.