ಲೇಸರ್ ಕೋಣೆಯ ಅಣ್ಣ

ಮೊನ್ನೆ ಬಸವೇಶ್ವರನಗರದ ಕ್ಲಿನಿಕ್ಕಿನಲ್ಲಿ ನರ್ಸ್ ನನ್ನ ಮಗಳ ತರಚಿದ ಮಂಡಿಗೆ ಅಯೋಡಿನ್ ಹಚ್ಚಿದಾಗ ಆ ವಾಸನೆಗೆ ನಾನು ಎದ್ದು ಬಾಗಿಲ ಬಳಿ ಹೋಗಿ ನಿಂತೆ. ಮಲ್ಲತ್ತಹಳ್ಳಿ ಕೆರೆಯಾಚೆ ನಾನು ಪಿಎಚ್‌ಡಿ ಮಾಡುತ್ತಿದ್ದ ಲ್ಯಾಬಿನ ವಾಸನೆ ಅದು... ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಅಲ್ಲಿದ್ದ ಒಬ್ಬರೇ ಟೆಕ್ನಿಷಿಯನ್ ಅವರನ್ನು ಅಣ್ಣ ಎನ್ನುತ್ತಿದ್ದೆ. ಕೆಂಗೇರಿ ಕಡೆಯವರು, ಹಂಗಾಮಿ ನೌಕರ.

ಅಯೋಡಿನ್ ಆವಿಗೆ ಆರ್ಗಾನ್ ಅನಿಲ ಬೆರೆಸಿ ಸೂಜಿಮೊನೆಯಷ್ಟು ರಂಧ್ರದಿಂದ ನಿರ್ವಾತದೊಳಗೆ ಊದುತ್ತಿದ್ದೆವು. ಹಾಗೆ ಹಿಗ್ಗಿದ ಅನಿಲ ವಿಪರೀತ ತಣ್ಣಗಾಗುತ್ತದೆ. ಆ ಚಳಿಯಲ್ಲಿ ಆರ್ಗಾನ್ ಪರಮಾಣು ಅಯೋಡಿನ್ ಅಣುವಿಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಲೇಸರ್ ತಾಗಿದರೆ ಬಿಟ್ಟುಹೋಗುತ್ತದೆ. ಆಗಿನ ಮಿಣುಕು ಬೆಳಕನ್ನು ಅಳೆಯುವುದೇ ನನ್ನ ಸಂಶೋಧನೆ. ಪಂಪು ಕೆಟ್ಟರೆ ಅಣ್ಣನೇ ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡು ಸರಿಮಾಡುತ್ತಿದ್ದರು.

ಕಿರಣವನ್ನು ಹೊಂದಿಸುವಾಗ ನಮ್ಮ ಗೈಡ್ ಎಲ್ಲರ ರಕ್ಷಣಾ ಕನ್ನಡಕ ತೆಗೆಸುತ್ತಿದ್ದರು. ಹಾಕಿಕೊಂಡರೆ ಕಿರಣ ಬಿದ್ದ ಚುಕ್ಕಿ ಕಾಣುವುದಿಲ್ಲ. "ಕಣ್ಣಿಗೆ ಪಟ್ಟಿ ಕಟ್ಕೊಂಡು ಸೂಜಿಗೆ ದಾರ ಪೋಣಿಸ್ತೀರಾ?" ಎಂದು ಹಂಗಿಸುತ್ತಿದ್ದರು.

ಅಂದು ನಾನು ಬಗ್ಗಿ ನೋಡುತ್ತಿದ್ದೆ. "ಏಳಮ್ಮ, ಬೆಳಿಗ್ಗೆಯಿಂದ ಬಗ್ಗೇ ಇದೀಯ. ನಾನ್ ನೋಡ್ತೀನಿ," ಎಂದು ಅಣ್ಣ ನನ್ನ ಜಾಗದಲ್ಲಿ ಬಗ್ಗಿದರು. ಗೈಡ್ ಏನನ್ನೋ ತೋರಿಸಲು ಕೈ ಚಾಚಿದರು.

"ಸಾರ್, ವಾಚು..."

ಅಣ್ಣನ ಮಾತು ಮುಗಿಯಲಿಲ್ಲ. ವಾಚಿನ ಸ್ಟೀಲ್ ಪಟ್ಟಿಗೆ ಬಡಿದ ಕಿರಣ ಅಣ್ಣನ ಬಲಗಣ್ಣಿಗೆ ಹೊಕ್ಕಿತ್ತು. ಅವರು ಎಡಗಣ್ಣು ಮುಚ್ಚಿ ನನ್ನತ್ತ ನೋಡಿದರು. "ಮಧ್ಯದಲ್ಲೊಂದು ಕಪ್ಪು ಕೂತಿದೆ ಕಣಮ್ಮ, ನಿನ್ ಮುಖ ಕಾಣ್ತಿಲ್ಲ," ಎಂದರು. ಗೈಡ್ ನನ್ನತ್ತ ತಿರುಗಿದರು. "ಸಿಗ್ನಲ್ ಇದೆಯಾ ನೋಡಿ."

ಕ್ಷಣ ಮೊದಲು ಅಲ್ಲಿದ್ದದ್ದು ನನ್ನ ಕಣ್ಣು... ಈಗಲೂ ಬೆಳಿಗ್ಗೆ ಎದ್ದೊಡನೆ ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷಿಸಿಕೊಳ್ಳುತ್ತೇನೆ.

ಟೆಕ್ನಿಷಿಯನ್ ಸೂಚನೆ ಮೀರಿ ಕನ್ನಡಕ ತೆಗೆದರು ಎಂದು ಗೈಡ್ ವರದಿ ಬರೆದರು. ಸಾಕ್ಷಿಯ ಸಹಿ ನನ್ನದು. ನನ್ನ ಪ್ರಬಂಧ ಅವರ ಕೈಯಲ್ಲಿತ್ತು ಎಂಬುದು ನನ್ನ ನೆಪ. ಆ ಕಾಗದ ಹಿಡಿದು ಅಣ್ಣನನ್ನು ಪರಿಹಾರವಿಲ್ಲದೆ ಕೆಲಸದಿಂದ ತೆಗೆದರು. ಅದೇ ವಾರ ಗೈಡ್ ಹೊಸ ವಾಚು ಕಟ್ಟಿಕೊಂಡು ಬಂದರು, ಚರ್ಮದ ಪಟ್ಟಿಯದು. ಅದನ್ನು ನೆನೆದರೆ ಇಂದಿಗೂ ಬಾಯಿ ಕಹಿಯಾಗುತ್ತದೆ. ದಿನವೂ ಅವರಿಗೆ ನಮಸ್ಕರಿಸುತ್ತಿದ್ದ ನನ್ನನ್ನು ನೆನೆದರೂ...

ಒಮ್ಮೆ ಗೇಟಿನ ಬಳಿ ಸಿಕ್ಕ ಅಣ್ಣ ಕೇಳಿದ್ದಿಷ್ಟೇ: "ನಂಗೆ ಒಂದ್ ಕಣ್ ಹೋಯ್ತು, ಸರಿ. ನಿಂಗೆ ಎರಡೂ ಇತ್ತಲ್ಲಮ್ಮ?"

ಈ ಭಾನುವಾರ ವಿಳಾಸ ಹುಡುಕಿಕೊಂಡು ಕೆಂಗೇರಿ ಉಪನಗರಕ್ಕೆ ಹೋದೆ. ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಕಾಫಿ ಕೊಟ್ಟು ಎದುರಿಗೆ ಕೂತರು. "ಕನ್ನಡಕ ಹಾಕ್ಕೊಳ್ದೆ ಇದ್ದಿದ್ದು ಇವ್ರದೇ ತಪ್ಪಂತಲ್ಲ, ಹೌದಾ?"

"ಅಲ್ಲ," ಎಂದೆ. ಆ ಮಾತನ್ನು ಕೇಳಬೇಕಾಗಿದ್ದವರು ಆ ಮನೆಯಲ್ಲಿರಲಿಲ್ಲ.