ಡಿಯರ್ ಕಸ್ಟಮರ್, ನೀರು ಬಂದಾವ!

ಹೋದ ವಾರ ನಮ್ಮೂರಿಗೆ ನೀರು ಬಂತು. ನೀರು ಬಂದಿದೆ ಎಂದು ಹೇಳುವ ಫೋನೂ ಬಂತು. ಊರಿಗೆ ಊರೇ ಆ ಫೋನ್ ಎತ್ತಿತು, ಬೈದಿತು, ಕಟ್ ಮಾಡಿತು.

ಕಟ್ ಮಾಡಿದವರಲ್ಲಿ ನಾನೂ ಒಬ್ಬಳು. ಆ ಫೋನು ಬರುವ ಹಾಗೆ ಮಾಡಿಟ್ಟವಳೂ ನಾನೇ!

ತಡೆಯಿರಿ, ಮೊದಲಿನಿಂದ ಹೇಳುತ್ತೇನೆ. ಸಂಶಿ ಪಕ್ಕದ ಸಣ್ಣ ಊರಿನಲ್ಲಿ ಕುಳಿತು ಕಂಪನಿಯೊಂದಕ್ಕೆ ಕೋಡ್ ಬರೆಯುವವಳು ನಾನು ಅನ್ನುವುದು ನಿಮಗೆ ಗೊತ್ತೇ ಇದೆ. (ಇಂಟರ್‌ನೆಟ್ ಕೈಕೊಟ್ಟಾಗ ಲ್ಯಾಪ್‌ಟಾಪ್ ಹಿಡಿದು ಮಾಳಿಗೆ ಹತ್ತುವವಳು ಅನ್ನುವುದೂ ಗೊತ್ತಿರಬೇಕು.) ನಮ್ಮ ನಳದಲ್ಲಿ ವಾರಕ್ಕೊಮ್ಮೆ ನೀರು. ಯಾವ ದಿನ ಎಂದು ಅಂದಾಜು ಮಾಡಬಹುದು. ಯಾವ ಹೊತ್ತಿಗೆ ಎಂದು ಯಾರೂ ಹೇಳಲಾರರು. ಕರೆಂಟು ಬರಬೇಕು, ಪಂಪು ಓಡಬೇಕು, ಟ್ಯಾಂಕು ತುಂಬಬೇಕು, ಆಮೇಲೆ ವಾಟರ್‌ಮನ್ ಮಲ್ಲಪ್ಪ ವಾಲ್ವ್ ತಿರುಗಿಸಬೇಕು.

ಹಾಗಾಗಿ ಆ ದಿನ ಮನೆಗೊಬ್ಬರು ನಳದ ಮುಂದೆ ಕಾವಲು. ಆ ಒಬ್ಬರು ಯಾರು? ಬಿಡಿಸಿ ಹೇಳಬೇಕೆ? ಹೊಲದ ಕೆಲಸ ಬಿಟ್ಟ ತಾಯಿ, ಇಲ್ಲವೇ ಶಾಲೆ ಬಿಟ್ಟ ಮಗಳು.

ಇದನ್ನು ನೋಡಿ ನೋಡಿ ಬೇಸತ್ತು ನಾನೊಂದು ವ್ಯವಸ್ಥೆ ಮಾಡಿದೆ. ಮಲ್ಲಪ್ಪ ವಾಲ್ವ್ ತಿರುಗಿಸಿ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡುತ್ತಾನೆ. ಇಂಟರ್‌ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಕ್ಲೌಡ್ ಸರ್ವೀಸೊಂದು ಕೂಡಲೇ ಊರಿನ ಎಲ್ಲ ಮನೆಗೂ ಫೋನ್ ಮಾಡುತ್ತದೆ. ಅಷ್ಟೇ. ಹೊಲದಲ್ಲಿದ್ದವರು ಹೊಲದಲ್ಲಿರಲಿ, ಶಾಲೆಗೆ ಹೋಗುವವರು ಹೋಗಲಿ, ಫೋನ್ ಬಂದಾಗ ಮನೆಗೆ ಓಡಿ ಬಂದರಾಯಿತು.

ಫೋನಿನಲ್ಲಿ ಮಾತಾಡುವವರು ಯಾರು? ಮೊದಲು ಮೆಷಿನ್ನಿನ ಕನ್ನಡ ಹಾಕಿ ನೋಡಿದೆ. ನಮ್ಮ ಅತ್ತೆ ಶಾಂತವ್ವ ಕೇಳಿ ಮುಖ ಕಿವಿಚಿದರು.

“ಇದೇನಬೇ, ರೇಲ್ವೆ ಸ್ಟೇಷನ್ನಿನ್ಯಾಗ ನಿಂತಂಗ ಆತು.”

“ಹಂಗಾದ್ರ ನೀವ ಮಾತಾಡ್ರಲಾ ಅತ್ತಿ” ಎಂದೆ.

ಅತ್ತೆಗೆ ಮೈಕೇ ಬೇಡದ ಗಂಟಲು. ಮದುವೆಮನೆಯಲ್ಲಿ ಸೋಬಾನೆ ಹಾಡಿದರೆ ಹಿಂದಿನ ಓಣಿಗೂ ಕೇಳುತ್ತದೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರು: “ನಾನ್ರಿ, ಶಾಂತವ್ವ. ನೀರು ಬಂದಾವ. ಲಗೂನ ಬಂದು ಹಿಡಕೋರಿ. ತುಂಬಿದ ಮ್ಯಾಲೆ ನಳ ಬಂದ್ ಮಾಡ್ರಿ, ಗಟಾರಕ್ಕ ಬಿಡಬ್ಯಾಡ್ರಿ.”

ಇದು ಎಷ್ಟು ಹಿಡಿಸಿತೆಂದರೆ, ಜನ ರೆಕಾರ್ಡಿಂಗಿಗೇ ಉತ್ತರ ಕೊಡತೊಡಗಿದರು. “ಹೂಂ ಬೇ, ಬಂದೆ”, “ಆತಬೇ, ಬಂದ್ ಮಾಡ್ತೀನಿ.” ಒಬ್ಬಾಕೆಯಂತೂ ತನ್ನ ಸೊಸೆಯ ದೂರನ್ನೂ ಅದರ ಮುಂದೆ ಹೇಳಿಕೊಂಡಳಂತೆ!

ಎಲ್ಲ ಚೆನ್ನಾಗಿತ್ತು. ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡಬೇಕು ಎಂದು ಅನಿಸುವುದು ನನ್ನಂಥವರ ಕಾಯಿಲೆ.

ಮಲ್ಲಪ್ಪ ಒಂದು ದಿನ ದಾರಿಯಲ್ಲಿ ಸಿಕ್ಕು, “ವೈನಿ, ಒಂದ್ ಸಲ ಫೋನ್ ಬಂದ್ರ ಹೊಲದಾಗಿನವ್ರಿಗೆ ಕೇಳಂಗಿಲ್ರಿ. ಎತ್ತಲಿಲ್ಲಂದ್ರ, ಇಲ್ಲಾ ನಡುವ ಕಟ್ ಆತಂದ್ರ, ಇನ್ನೊಮ್ಮೆ ಮಾಡಂಗ ಇಡ್ರಿ” ಎಂದ. ನ್ಯಾಯದ ಮಾತು. ಇರುವುದು ಒಂದೇ ಒಂದು ಸೆಟ್ಟಿಂಗ್ ಬದಲಿಸುವ ಕೆಲಸ. ಕ್ಲೌಡ್ ಸರ್ವೀಸಿನ ವೆಬ್‌ಸೈಟಿನಲ್ಲಿ ಬಟನ್ ಒತ್ತಿಯೂ ಮಾಡಬಹುದಿತ್ತು. ಆದರೆ ನಮ್ಮೂರ ನೆಟ್‌ವರ್ಕಿನಲ್ಲಿ ಆ ಪೇಜು ತೆರೆಯುವಷ್ಟರಲ್ಲಿ ಒಂದು ಒಗ್ಗರಣೆ ಸೀದುಹೋಗುತ್ತದೆ. ಪ್ರೋಗ್ರಾಮರ್‌ಗಳಿಗೆ ಇನ್ನೊಂದು ದಾರಿ ಇದೆ. ಎಪಿಐ ಅನ್ನುತ್ತಾರೆ. ಪೇಜೂ ಬೇಡ, ಬಟನ್ನೂ ಬೇಡ. ನಮ್ಮ ಕಂಪ್ಯೂಟರಿನಿಂದ ಸರ್ವರಿಗೆ ನೇರ ಒಂದು ಸಾಲಿನ ಹುಕುಂ.

ಕಳಿಸಿದೆ. ಸರ್ವರು ತಕ್ಷಣ “ಓಕೆ” ಎಂದಿತು. ನಾನು ಬೆನ್ನು ತಟ್ಟಿಕೊಂಡು ಗಿರಮಿಟ್ ತಿಂದೆ.

ಮರುದಿನ ನೀರಿನ ದಿನ. ಅದರ ಮರುದಿನ ನಮ್ಮ ಓಣಿಯ ರತ್ನವ್ವನ ಮನೆಯಲ್ಲಿ ಚೊಚ್ಚಲ ಬಸುರಿ ಮಗಳ ಕುಬುಸ, ಅಂದರೆ ಸೀಮಂತ. ಕಲಘಟಗಿಯಿಂದ ಬೀಗರು ಗಾಡಿ ತುಂಬಿಕೊಂಡು ಬರುವವರಿದ್ದರು. ರತ್ನವ್ವನ ಮನೆಯ ಬ್ಯಾರಲ್ಲುಗಳೆಲ್ಲ ಬರಿದು. “ನಾಳೆ ನೀರು ಬಂದ್ರ ನನ್ನ ಮರ್ಯಾದಿ ಉಳೀತು” ಎನ್ನುತ್ತಲೇ ಇದ್ದಳು. ಅತ್ತೆ ಬೆಳಿಗ್ಗೆಯೇ ಅವಳ ಮನೆಗೆ ಹೋಗಿ ಕರ್ಚಿಕಾಯಿ ಮಾಡುತ್ತ ಕುಳಿತಿದ್ದರು.

ನಾನು ಮನೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ಫೋನ್ ರಿಂಗಾಯಿತು. ಎತ್ತಿದೆ. ಇಂಪಾದ ಹುಡುಗಿಯ ದನಿ: “ಡಿಯರ್ ಕಸ್ಟಮರ್, ಯು ಹ್ಯಾವ್ ಎ ನ್ಯೂ ಅಲರ್ಟ್...”

ಯಾವುದೋ ಮೋಸದ ಕಾಲು ಎಂದು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಎಷ್ಟು ಸೊಕ್ಕು ಇವರಿಗೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ ಕೂಡ.

ಸ್ವಲ್ಪ ಹೊತ್ತಿಗೆ ಮಲ್ಲಪ್ಪನ ಬೈಕು ಬಾಗಿಲಿಗೆ ಬಂದು ನಿಂತಿತು.

“ವೈನಿ, ಊರು ಮಕ್ಕೊಂಡೈತೇನ್ರಿ? ನೀರು ಬಿಟ್ಟು ಹೊತ್ತಾತು. ಒಂದು ಕೊಡದ ಸಪ್ಪಳ ಇಲ್ಲ!”

ಆ ಇಂಪಾದ ಹುಡುಗಿ ಯಾರೆಂದು ಆಗ ಹೊಳೆಯಿತು. ಅವಳು ನಮ್ಮವಳೇ! ಅತ್ತೆಯ ಜಾಗದಲ್ಲಿ ಬಂದು ಕುಳಿತಿದ್ದಾಳೆ.

ಆಗಿದ್ದು ಇಷ್ಟು. ಸರ್ವರಿಗೆ ಸೆಟ್ಟಿಂಗ್ಸ್ ವಿಷಯದಲ್ಲಿ ಎರಡು ಥರ ಹೇಳಬಹುದು. “ಇದೊಂದನ್ನು ಮಾತ್ರ ತಿದ್ದು, ಉಳಿದದ್ದು ಇದ್ದ ಹಾಗೇ ಇರಲಿ” ಎನ್ನುವುದು ಒಂದು. “ಹಳೆಯದನ್ನೆಲ್ಲ ತೆಗೆದು, ನಾನು ಕೊಟ್ಟಿದ್ದನ್ನು ಇಡು” ಎನ್ನುವುದು ಇನ್ನೊಂದು. ನಾನು ಅವಸರದಲ್ಲಿ ಎರಡನೆಯದನ್ನು ಹೇಳಿದ್ದೆ. ಕೊಟ್ಟಿದ್ದು ಏನು? ಎತ್ತದಿದ್ದರೆ, ಇಲ್ಲವೇ ನಡುವೆ ಕಟ್ ಆದರೆ, ಇನ್ನೊಮ್ಮೆ ಫೋನ್ ಮಾಡು ಅನ್ನುವುದೊಂದೇ. ಅತ್ತೆಯ ದನಿ ಬಳಸು ಅನ್ನುವುದು, ಕನ್ನಡ ಅನ್ನುವುದು ಎಲ್ಲ ಅಳಿಸಿಹೋಗಿ, ಆ ಸರ್ವೀಸಿನ ಕಂಪನಿ ತನ್ನ ಪಾಡಿಗೆ ಇಟ್ಟಿರುವ ಇಂಗ್ಲಿಷ್ ಹುಡುಗಿ ಬಂದಿದ್ದಳು. ಅದೂ ಹೇಗೆ? ಕಟ್ ಮಾಡಿದರೆ ಬಿಡದೆ ಮತ್ತೊಮ್ಮೆ ಬರುವ ಹಾಗೆ. ಅಷ್ಟು ಮಾತ್ರ ನನ್ನ ಅಪ್ಪಣೆ ಚಾಚೂ ತಪ್ಪದೆ ನಡೆದಿತ್ತು!

ಇನ್ನು ಊರವರು ಯಾಕೆ ಕಟ್ ಮಾಡಿದರು? ಅದಕ್ಕೆ ಕಾರಣ ನಮ್ಮ ಅತ್ತೆಯೇ. ಈಚೆಗೆ ಮಹಿಳಾ ಸಂಘದ ಮೀಟಿಂಗಿನಲ್ಲಿ ಮೋಸದ ಕರೆಗಳ ಮಾತು ಬಂದಾಗ ಎದ್ದು ನಿಂತು, “ಇಂಗ್ಲಿಷಿನ್ಯಾಗ ಹಾಡಿದಂಗ ಮಾತಾಡೂ ಹುಡುಗಿ ಫೋನ್ ಬಂದ್ರ ಒಂದು ಮಾತೂ ಆಡಬ್ಯಾಡ್ರಿ. ಕಟ್ ಮಾಡಿ ಒಗೀರಿ” ಎಂದು ಹೇಳಿದ್ದರು. ಬೈಗುಳವೊಂದನ್ನು ಬಿಟ್ಟರೆ ಊರು ಅಕ್ಷರಶಃ ಪಾಲಿಸಿತ್ತು.

ರತ್ನವ್ವನ ಮನೆಗೆ ಓಡಿದೆ. ಅಲ್ಲಿ ರತ್ನವ್ವ ಹಿಟ್ಟಿನ ಕೈಯಲ್ಲಿ ಮೊಬೈಲ್ ಹಿಡಿದು, “ನಿನ್ನ ಬಾಯಾಗ ಮಣ್ಣ ಬೀಳ್ಲಿ, ಎಷ್ಟ್ ಸಲಾ ಮಾಡ್ತಿ” ಎಂದು ಆ ಹುಡುಗಿಗೆ ಮಂಗಳಾರತಿ ಎತ್ತುತ್ತಿದ್ದಳು.

“ರತ್ನಕ್ಕಾ, ನೀರು ಬಂದಾವ್ರಿ! ಆ ಫೋನು ನೀರಿನ ಸಲುವಾಗಿನ ಬಂದಿದ್ದು!”

ಅವಳ ಮುಖ ನೋಡಲಾಗಲಿಲ್ಲ. “ಅಯ್ಯ ಯವ್ವಾ! ಎಷ್ಟೊತ್ತಾತು ಬಿಟ್ಟು? ಇವತ್ತು ತಪ್ಪಿದ್ರ ಮುಂದಿನ ವಾರಾನ. ನಾಳೆ ಬೀಗರಿಗೆ ಕೈ ತೊಳಿಯಾಕ ಏನು ಕೊಡ್ಲಿ ನಾನು?” ಎನ್ನುತ್ತಲೇ ಕೊಡ ಎತ್ತಿಕೊಂಡು ನಳಕ್ಕೆ ಓಡಿದಳು. ಒಳಗೆ ಕುಳಿತಿದ್ದ ಬಸುರಿ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಈಗಿಂದೀಗ ರಿಪೇರಿ ಮಾಡ್ತೀನ್ರಿ ಅತ್ತಿ” ಎಂದೆ.

“ನೀ ರಿಪೇರಿ ಮಾಡೂತನಕ ನೀರು ನಿಂದ್ರತಾವೇನು?” ಎಂದ ಅತ್ತೆ ಕೈ ಒರೆಸಿಕೊಂಡು, ಸೆರಗು ಸಿಕ್ಕಿಸಿ, ಸೀದಾ ಮಾಳಿಗೆಯ ಮೆಟ್ಟಿಲು ಹತ್ತಿದರು. ಮೇಲೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು:

“ನಾನ್ರಿ, ಶಾಂತವ್ವ! ನೀರು ಬಂದಾವ!”

ಒಂದು ಓಣಿ ಬಾಗಿಲು ತೆರೆಯಿತು. ಆ ಓಣಿಯ ಹೆಂಗಸೊಬ್ಬಳು ಮುಂದಿನ ಓಣಿಗೆ ಕೂಗಿದಳು. ನಾನು ಮನೆಗೆ ಓಡಿ, ಲ್ಯಾಪ್‌ಟಾಪ್ ಮುಂದೆ ಕುಳಿತು ಕ್ಲೌಡ್ ಸರ್ವೀಸಿನ ವಿವರಣೆಯನ್ನು ಈ ಸಲ ಮರ್ಯಾದೆಯಿಂದ ಪೂರ್ತಿ ಓದಿದೆ. ಯಾವ ಯಾವ ಸೆಟ್ಟಿಂಗ್ ಮುಟ್ಟಬೇಕು ಅನ್ನುವುದನ್ನು ಹೆಸರು ಹಿಡಿದು ಹೇಳಿದರೆ, ಹೇಳದೇ ಇರುವುದನ್ನು ಅದು ಮುಟ್ಟುವುದಿಲ್ಲ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಪುಣ್ಯಕ್ಕೆ ಅತ್ತೆಯ ರೆಕಾರ್ಡಿಂಗ್ ಅಲ್ಲೇ ಇತ್ತು, ಅದನ್ನು ಬಳಸು ಅನ್ನುವ ಮಾತು ಮಾತ್ರ ಅಳಿಸಿತ್ತು. ದನಿ, ಭಾಷೆ, ಎರಡರ ಹೆಸರು ಹಿಡಿದು ಹೇಳಿದೆ. ಕಳಿಸಿದೆ. ಸರ್ವರು ಮತ್ತೆ “ಓಕೆ” ಎಂದಿತು. (ಅದರ ಓಕೆಯನ್ನು ಈ ಸಲ ನಂಬಲಿಲ್ಲ. ಸೆಟ್ಟಿಂಗ್ಸ್ ಎಲ್ಲ ತರಿಸಿ ಒಂದೊಂದಾಗಿ ನೋಡಿದೆ.) ಮಲ್ಲಪ್ಪನಿಗೆ ಇನ್ನೊಂದು ಮಿಸ್ಡ್ ಕಾಲ್ ಕೊಡು ಎಂದೆ.

ಊರಿನ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಹೊರಗೆ ಬಂದು ನೋಡುತ್ತೇನೆ, ಎದುರುಮನೆಯ ಕಾಶವ್ವ ಒಂದು ಕಿವಿಗೆ ಫೋನ್ ಹಿಡಿದು, ಮಾಳಿಗೆಯ ಮೇಲಿನ ಅತ್ತೆಯನ್ನು ಕಣ್ಣರಳಿಸಿ ನೋಡುತ್ತ ನಿಂತಿದ್ದಾಳೆ.

“ಶಾಂತಕ್ಕಾ, ಫೋನಿನ್ಯಾಗೂ ನೀನ, ಮ್ಯಾಲೂ ನೀನ! ಯಾವ ಶಾಂತಕ್ಕನ ಮಾತು ಕೇಳ್ಲಿಬೇ?”

“ಯಾರದರ ಕೇಳು, ಮೊದಲ ಕೊಡ ಹಿಡಿ!” ಎಂದರು ಅತ್ತೆ ಮೇಲಿನಿಂದ.

ಇಡೀ ಓಣಿ ನಕ್ಕಿತು. ನಮ್ಮ ಓಣಿಗಳದು ಮುಗಿದ ಮೇಲೆ ನೀರು ಹಿಡಿಯುವ ಆಚೆ ಕೇರಿಯವರನ್ನು ಮಲ್ಲಪ್ಪ ಹೋಗಿ ಕೇಳಿದ: ನಿಮ್ಮ ಪಾಳಿ ಇವತ್ತು ಸ್ವಲ್ಪ ತಡವಾದರೆ ನಡೆಯುತ್ತದೆಯೇ? ಅಲ್ಲಿನವರು, “ಕುಬುಸದ ಮನಿಗೆ ಬ್ಯಾಡ ಅಂತೀವೇನೋ, ಬಿಡು” ಎಂದರು. ರತ್ನವ್ವನ ಬ್ಯಾರಲ್ಲುಗಳು ಕಂಠದವರೆಗೆ ತುಂಬಿದವು. ಮರುದಿನ ಬೀಗರು ಬಂದರು, ಕೈ ತೊಳೆದರು, ಕರ್ಚಿಕಾಯಿ ತಿಂದು ಹೊಗಳಿದರು. ಬಸುರಿಗೆ ಹಸಿರು ಬಳೆ ತೊಡಿಸುವಾಗ ಅತ್ತೆ ಹಾಡಿದ್ದು ಹಿಂದಿನ ಓಣಿಗೂ ಕೇಳಿತು.

ಎಲ್ಲ ಮುಗಿಸಿ ಮನೆಗೆ ಬಂದು ಚಹಾ ಕುಡಿಯುವಾಗ ಅತ್ತೆ ಕೇಳಿದರು. “ಖರೇ ಹೇಳು, ಏನು ಮಾಡಿದ್ದಿ?”

“ಕ್ವಾಣಿ ಕಿಡಕಿ ಪಡದಿ ಒಂದ ಬದಲಿ ಮಾಡಂತ ನೀವು ಹೇಳಿದ್ರಿ ಅನ್ಕೋರಿ ಅತ್ತಿ. ನಾ ಪಡದಿ ಹಾಕಿ, ಹಾಸಿಗಿ, ಟ್ರಂಕು, ದೇವರ ಫೋಟೋ ಎಲ್ಲಾ ಹೊರಗ ಒಗದು ಬಂದಂಗಾತು.”

ಅತ್ತೆ ಬಿದ್ದು ಬಿದ್ದು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಬಟ್ಟಲು ಕೆಳಗಿಟ್ಟರು.

“ನೀ ಹೊಸದಾಗಿ ಈ ಮನಿಗೆ ಬಂದಾಗ ನಾನೂ ಅದನ್ನ ಮಾಡಿದ್ನಲ್ಲಾ?”

ನನ್ನ ತವರು ಕಲಘಟಗಿ ಕಡೆ. ಮೂರು ಹೊತ್ತೂ ಅನ್ನ ಉಣ್ಣುವವರು. ಇಲ್ಲಿ ರೊಟ್ಟಿಯ ಸಾಮ್ರಾಜ್ಯ.

“ರೊಟ್ಟಿ ಬಡಿಯೂದೊಂದು ಕಲೀ ಅಂದೆ. ಅಷ್ಟ ಅನ್ಕೊಂಡಿದ್ದೆ. ಹಂಗ ನಿನ್ನ ಊಟ ಬದಲಿ ಮಾಡಿದೆ, ಏಳೂ ಹೊತ್ತು ಬದಲಿ ಮಾಡಿದೆ, ಮಾತು ಸಣ್ಣ ಮಾಡಿಸಿದೆ. ನೀ ಎಲ್ಲಾದಕ್ಕೂ ಹೂಂ ಅಂದಿ. ಛಲೋ ಸೊಸಿ ಸಿಕ್ಕಳು ಅನ್ಕೊಂಡೆ. ಒಮ್ಮೆ ನಿಮ್ಮವ್ವ ಬಂದಿದ್ಳು ನೋಡು. ಒಳಗ ಕುಂತು ಆಕಿ ಜೋಡಿ ನೀ ನಗೂದು ಕೇಳಿತು. ಅಯ್ಯ, ಈ ಹುಡುಗಿ ಹಿಂಗೂ ನಗತಾಳೇನು ಅನಿಸ್ತು. ಈ ಮನ್ಯಾಗ ಅದನ್ನ ನಾ ಕೇಳೇ ಇರಲಿಲ್ಲ.”

“ಆಮ್ಯಾಲೆ?”

“ಆಮ್ಯಾಲೇನು, ಮರುದಿನಾ ಎದ್ದು ನಾನ ಅನ್ನಕ್ಕ ಇಟ್ಟೆ.”

ಆ ಅನ್ನ ನನಗೆ ಇವತ್ತಿಗೂ ನೆನಪಿದೆ, ಸ್ವಲ್ಪ ಮುದ್ದೆಯಾಗಿತ್ತು. ಅದರ ಹಿಂದೆ ಇಷ್ಟು ಕತೆ ಇದೆ ಎಂದು ಮಾತ್ರ ಗೊತ್ತಿರಲಿಲ್ಲ. ಚಹಾ ಆರಿತ್ತು, ಮತ್ತೆ ಬಿಸಿ ಮಾಡಿ ಕುಡಿದೆವು.

ಈಗ ಎಲ್ಲಿ ನೋಡಿದರೂ ಇದೇ ಕಾಣುತ್ತಿದೆ. ಹೊಸ ಹೆಡ್‌ಮಾಸ್ತರರು ಬರುತ್ತಾರೆ, ಟೈಮ್‌ಟೇಬಲ್ ಸರಿಮಾಡುತ್ತೇನೆ ಎನ್ನುತ್ತಾರೆ, ಮಕ್ಕಳ ಆಟದ ಪೀರಿಯಡ್ ಮಾಯ. ಮಗನ ಅಕ್ಷರ ತಿದ್ದಲು ಕೂತ ಅಪ್ಪ, ಅವನು ಚಿತ್ರ ಬಿಡಿಸುವುದನ್ನೇ ನಿಲ್ಲಿಸಿಬಿಡುತ್ತಾನೆ. ಗಂಡನ ಸಿಗರೇಟು ಬಿಡಿಸಲು ಹೊರಟವಳು ಅವನ ಗೆಳೆಯರನ್ನೂ ಬಿಡಿಸುತ್ತಾಳೆ. ಯಾರದೂ ಕೆಟ್ಟ ಉದ್ದೇಶವಲ್ಲ. ಎಲ್ಲರೂ ಬದಲಿಸಲು ಹೊರಟಿದ್ದು ಒಂದನ್ನೇ!

ತಿದ್ದಲು ಹೊರಡುವ ಮುಂಚೆ, ಇರುವುದರಲ್ಲಿ ಯಾವುದು ಹಾಗೇ ಉಳಿಯಬೇಕು ಎಂದು ಒಂದು ಮಾತು ಕೇಳಿದರೆ ಯಾರ ಗಂಟು ಹೋಗುತ್ತದೆ?